ಬಿಸಿಲಿನ ಪಂಪು, ಉಪ್ಪಾದ ಬಾವಿ: ಉಡುಪಿಯ ಒಂದು ಕುದ್ರುವಿನ ಪ್ರಕರಣ ಅಧ್ಯಯನ

ಉಡುಪಿ ಜಿಲ್ಲೆಯ ಒಂದು ನದಿ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವ ಜಾಗದಲ್ಲಿ ಒಂದು ಕುದ್ರು, ಅಂದರೆ ನದಿ ನಡುವಿನ ದ್ವೀಪ, ಇದೆ. ಅಲ್ಲಿ 2019ರಿಂದ ಈಚೆಗೆ ನಡೆದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲಸಕ್ಕೆ ಕೈ ಹಾಕಿದ ಸಣ್ಣ ತಂಡದಲ್ಲಿ ನಾನೂ ಇದ್ದೆ. ಆದ ತಪ್ಪಿನಲ್ಲಿ ನನ್ನ ಪಾಲೂ ಇದೆ. ನದಿಯ ಹೆಸರು, ಕುದ್ರುವಿನ ಹೆಸರು, ನೆರವು ಕೊಟ್ಟವರ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಮನೆಗಳ ಸಂಖ್ಯೆಯಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಮುಖ್ಯವಾಗಿ ಬರುವ ಇಬ್ಬರನ್ನು ದೊಡ್ಡಣ್ಣ, ಬಾವಿಮನೆ ಅಕ್ಕ ಎಂದು ಕರೆಯುತ್ತೇನೆ. ಮಾತುಕತೆ ನಡೆದದ್ದೆಲ್ಲ ತುಳುವಿನಲ್ಲಿ, ಕನ್ನಡ ನನ್ನದು.

ಹಿನ್ನೆಲೆ

ಮೂವತ್ತರಿಂದ ನಲವತ್ತು ಮನೆಗಳ ಊರು. ಸುತ್ತ ತೆಂಗು, ನಡುವೆ ತಗ್ಗಿನಲ್ಲಿ ಗದ್ದೆಗಳ ಒಂದು ಸಣ್ಣ ಬೈಲು, ಪಡುವಣ ಬದಿಗೆ ಮರಳು ದಿಬ್ಬ. ಬೈಲಿನಲ್ಲಿ ಮಳೆಗಾಲಕ್ಕೆ ಏಣೆಲು ಎಂಬ ಭತ್ತದ ಬೆಳೆ ಒಂದೇ. ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ ಪಸೆಗೆ ಉದ್ದು ಬಿತ್ತುತ್ತಾರೆ. ಮರಳು ದಿಬ್ಬದಲ್ಲಿ ಜನವರಿಯಿಂದ ಮೇ ತನಕ ಬೆಂಡೆ, ಅಲಸಂಡೆ, ಹರಿವೆ, ಮೆಣಸು, ಊರಿನ ಸೌತೆ. ಬೆಳಿಗ್ಗೆ ದೋಣಿ ದಾಟಿಸಿ ಉಡುಪಿಯ ಮಾರುಕಟ್ಟೆಗೆ ಒಯ್ದರೆ ಮಧ್ಯಾಹ್ನದೊಳಗೆ ಕೈಯಲ್ಲಿ ದುಡ್ಡು. ಹೊಳೆಯಲ್ಲಿ ಮೀನು, ಮರುವಾಯಿ ಚಿಪ್ಪು. ಗಂಡಸರಲ್ಲಿ ಅರ್ಧ ಜನ ಮಲ್ಪೆಯ ಬೋಟುಗಳಲ್ಲಿ ದುಡಿಯುತ್ತಾರೆ. ತರಕಾರಿ ಹೆಚ್ಚಾಗಿ ಹೆಂಗಸರ ಕೆಲಸ, ಅದರ ದುಡ್ಡೂ ಬಹುಮಟ್ಟಿಗೆ ಅವರ ಕೈಯದೇ.

ಕುಡಿಯುವುದಕ್ಕೂ ಬೆಳೆಗೂ ಬಾವಿಯ ನೀರೇ ಗತಿ. ಹನ್ನೆರಡು, ಹದಿನೈದು ಅಡಿಯ ಬಾವಿಗಳು. ನಳ್ಳಿ ಇದೆ, ಆದರೆ ಬೇಸಿಗೆಯಲ್ಲಿ ಅದು ದಿನ ಬಿಟ್ಟು ದಿನ ಬಂದರೆ ಪುಣ್ಯ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ನೀರಿಗೆ ಬರವೇ ಎಂದು ಬಯಲುಸೀಮೆಯವರು ಕೇಳುವುದುಂಟು. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಿದ್ದು, ಗಿಡ್ಡ ನದಿಗಳಲ್ಲಿ ಓಡಿ ಕಡಲು ಸೇರಿಬಿಡುತ್ತದೆ. ಡಿಸೆಂಬರ್ ದಾಟಿದರೆ ಹೊಳೆಯ ಹರಿವು ಸೋಲುತ್ತದೆ, ಉಬ್ಬರದ ನೀರು ಒಳಗೊಳಗೆ ಏರುತ್ತದೆ. ಆಗ ಕುದ್ರುವಿನ ನಾಲ್ಕೂ ಸುತ್ತ ಉಪ್ಪು.

ಒಳಗೆ ಮಾತ್ರ ಸಿಹಿ. ಮಳೆಗಾಲದಲ್ಲಿ ಮರಳಿನೊಳಗೆ ಇಳಿದ ನೀರು ಉಪ್ಪುನೀರಿಗಿಂತ ಹಗುರ. ಹಾಗಾಗಿ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಅದು ಉಪ್ಪಿನ ಮೇಲೆ ತೇಲುತ್ತಾ ನಿಲ್ಲುತ್ತದೆ. ಘೈಬೆನ್-ಹರ್ಜ್‌ಬರ್ಗ್ ಸೂತ್ರ ಎಂದು ಭೂಜಲ ವಿಜ್ಞಾನದಲ್ಲಿ ಒಂದು ಹಳೆಯ ಲೆಕ್ಕವಿದೆ: ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರದಲ್ಲಿ ನಿಂತರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ. ಇದನ್ನೇ ತಿರುಗಿಸಿ ನೋಡಿದರೆ ಭಯವಾಗುತ್ತದೆ. ಮೇಲಿನಿಂದ ಅರ್ಧ ಅಡಿ ಇಳಿಸಿದರೆ ಕೆಳಗಿನ ಉಪ್ಪು ಇಪ್ಪತ್ತು ಅಡಿ ಮೇಲೇರಲು ಹೊರಡುತ್ತದೆ. ಉಬ್ಬರ ಇಳಿತಗಳು ದಿನಕ್ಕೆರಡು ಬಾರಿ ಕದಡುವ ಕಿರಿದಾದ ಕುದ್ರುವಿನಲ್ಲಿ ಕೆನೆಯ ಪದರ ಸೂತ್ರ ಹೇಳುವುದಕ್ಕಿಂತಲೂ ತೆಳು. ಈ ಲೆಕ್ಕ ನಮಗೆ ಮೊದಲೇ ಗೊತ್ತಿತ್ತು. ಕಾಗದದಲ್ಲಿ ಗೊತ್ತಿತ್ತು ಎನ್ನುವುದು ಹೆಚ್ಚು ಸರಿ.

ಸಮಸ್ಯೆ

2019ರಲ್ಲಿ ಮುಂಗಾರು ತಡವಾಯಿತು. ಆ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡು, ನದಿಯ ಗುಂಡಿಗಳಿಂದ ನೀರೆತ್ತಿ ಉಡುಪಿ ನಗರಕ್ಕೆ ಸರದಿಯಂತೆ ಬಿಡಬೇಕಾಯಿತು. ತುಳುವರು ಮಳೆ ಕಾಯುವ ಮೇ ಕೊನೆಯ ಪತ್ತನಾಜೆ ಕಳೆದರೂ ಹನಿ ಬೀಳಲಿಲ್ಲ. ಕುದ್ರುವಿನಲ್ಲಿ ಏಪ್ರಿಲ್ ಕೊನೆಗೇ ಹಲವು ಬಾವಿಗಳ ನೀರು ಉಪ್ಪುಪ್ಪಾಗಿತ್ತು. ಮರುವರ್ಷ ಅದಕ್ಕೆ ತದ್ವಿರುದ್ಧ: 2020ರ ಸೆಪ್ಟೆಂಬರ್ 20ರಂದು ಉಡುಪಿ ಕಂಡ ನೆರೆಯಲ್ಲಿ ತೆನೆ ಬಾಗಿದ್ದ ಏಣೆಲು ಮುಳುಗಿತು. ಕಡಲಿನ ಮಟ್ಟವೂ ಸುಮ್ಮನಿಲ್ಲ. ಉತ್ತರ ಹಿಂದೂ ಮಹಾಸಾಗರದಲ್ಲಿ ಅದು 1990ರ ದಶಕದಿಂದ ವರ್ಷಕ್ಕೆ 3 ಮಿಲಿಮೀಟರಿಗೂ ಹೆಚ್ಚು ಏರುತ್ತಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಹೊಳೆಗಿಂತ ಒಂದೆರಡು ಆಳೆತ್ತರದಲ್ಲಿ ಬದುಕುವವರಿಗೆ ಇದು ಸಣ್ಣ ಸಂಖ್ಯೆಯೇನೂ ಅಲ್ಲ.

ಮರಳು ದಿಬ್ಬದ ತರಕಾರಿಗೆ ಅಷ್ಟು ಹೊತ್ತಿಗೆ ಮೂರು ಡೀಸೆಲ್ ಪಂಪುಗಳಿದ್ದವು. ವಿದ್ಯುತ್ ಇದ್ದರೂ ದಿಬ್ಬದ ತುದಿಯವರೆಗೆ ಕಂಬ ಬಂದಿರಲಿಲ್ಲ. ಡೀಸೆಲ್ಲನ್ನು ಕ್ಯಾನಿನಲ್ಲಿ ತುಂಬಿ ದೋಣಿಯಲ್ಲಿ ತರಬೇಕು. ಅದರ ಬೆಲೆ ಏರುತ್ತಾ ಹೋದ ಮೇಲೆ ಹೆಂಗಸರು ಲೆಕ್ಕ ಹಾಕಿ ನೀರು ಬಿಡತೊಡಗಿದರು: ಒಂದು ಪಂಪು ದಿನಕ್ಕೆ ಎರಡು ಗಂಟೆ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ. ಹೀಗಾಗಿ ಬೆಳೆ ಎರಡು ಎಕರೆಗೆ ಮೀರುತ್ತಿರಲಿಲ್ಲ.

ನಮ್ಮನ್ನು ಕರೆಸಿದ್ದು ಎರಡು ಕಾರಣಕ್ಕೆ: ಡೀಸೆಲ್ ಖರ್ಚು ಇಳಿಸಬೇಕು, ಬೇಸಿಗೆಯ ಕೊನೆಯವರೆಗೆ ನೀರು ಉಳಿಯಬೇಕು. ಎರಡನ್ನೂ ಸೌರ ಪಂಪು ಒಂದೇ ಏಟಿಗೆ ಬಗೆಹರಿಸುತ್ತದೆ ಎಂದು ನಾವು ನಂಬಿದೆವು. ಒಂದು ದಾನಿ ಸಂಸ್ಥೆ ಮುಂದೆ ಬಂತು. ಅವರ ಅರ್ಜಿ ನಮೂನೆಯಲ್ಲಿ ಎರಡು ಅಂಕಣಗಳಿದ್ದವು, ಒಂದು ಇಂಗಾಲ ಕಡಿತಕ್ಕೆ, ಇನ್ನೊಂದು ಹವಾಮಾನ ಹೊಂದಾಣಿಕೆಗೆ, ಅಂದರೆ ಬದಲಾಗುವ ಹವಾಮಾನದ ಜೊತೆ ಬದುಕಲು ಮಾಡಿಕೊಳ್ಳುವ ಏರ್ಪಾಡಿಗೆ. ಮೊದಲನೆಯದರಲ್ಲಿ ಕಿಲೋಗ್ರಾಂ ಲೆಕ್ಕ ಕೊಡಬೇಕಿತ್ತು. ಎರಡನೆಯದರಲ್ಲಿ ನಾಲ್ಕು ವಾಕ್ಯ ಬರೆದರೆ ಸಾಕಿತ್ತು. ಆ ನಮೂನೆಯನ್ನು ತುಂಬಿದ ರಾತ್ರಿಯೇ ಅರ್ಧ ತಪ್ಪು ನಡೆದುಹೋಯಿತು ಎಂದು ಈಗ ಅನ್ನಿಸುತ್ತದೆ.

ಕಿಲೋಗ್ರಾಂ ಲೆಕ್ಕ ಹೀಗಿತ್ತು. ಮೂರು ಪಂಪು, ದಿನಕ್ಕೆ ಎರಡು ಗಂಟೆ, ಗಂಟೆಗೆ ಮುಕ್ಕಾಲು ಲೀಟರ್, ಹಂಗಾಮಿಗೆ 120 ದಿನ. ಒಟ್ಟು 540 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ ಒಂದೂವರೆ ಟನ್‌ಗೆ ಸ್ವಲ್ಪ ಕಡಿಮೆ. ಕಾಗದದ ಮೇಲೆ ಚೆನ್ನಾಗಿಯೇ ಕಂಡಿತು.

ಆ ಸಂಖ್ಯೆಯನ್ನು ಬೇರೆ ಸಂಖ್ಯೆಗಳ ಪಕ್ಕದಲ್ಲಿ ಇಟ್ಟು ನೋಡುವ ಬುದ್ಧಿ ಆಗ ಬರಲಿಲ್ಲ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸರಾಸರಿ 2 ಟನ್ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಅಂದರೆ ಇಡೀ ಕುದ್ರುವಿನ ಪಂಪುಗಳು ಸೇರಿ ಒಬ್ಬ ಸರಾಸರಿ ಭಾರತೀಯನಷ್ಟೂ ಹೊಗೆ ಬಿಡುತ್ತಿರಲಿಲ್ಲ. ಇದೇ ಜಿಲ್ಲೆಯ ಎಲ್ಲೂರಿನಲ್ಲಿ ಕಲ್ಲಿದ್ದಲಿನಿಂದ ನಡೆಯುವ 1,200 ಮೆಗಾವಾಟಿನ ಸ್ಥಾವರವಿದೆ. ಅಂಥ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ಉರಿಯುವಾಗ ಅಷ್ಟು ಇಂಗಾಲ ಹೊರಬರಲು ಐದಾರು ಸೆಕೆಂಡು ಸಾಕು. ಕಡಿತದ ಅಗತ್ಯ ಇಲ್ಲವೆಂದು ಹೇಳುತ್ತಿಲ್ಲ. ಡೀಸೆಲ್ ಹೊಗೆ ಕುಡಿಯುತ್ತಾ ಪಂಪಿನ ಪಕ್ಕ ಕೂರುತ್ತಿದ್ದ ಹೆಂಗಸರಿಗೆ ಅದು ತೊಲಗಿದ್ದು ದೊಡ್ಡ ನೆಮ್ಮದಿ. ಆದರೆ ಈ ಊರಿನಲ್ಲಿ ಪಂಪು ಎಷ್ಟು ದೊಡ್ಡದಿರಬೇಕು ಎಂಬ ತೀರ್ಮಾನವನ್ನು ಇಂಗಾಲದ ಅಂಕಣ ಮಾಡಬಾರದಿತ್ತು. ಮಾಡಿತು. ತಲಾ 3 ಎಚ್‌ಪಿಯ ಎರಡು ಪಂಪು ಎಂದು ಬರೆದೆವು. 1 ಎಚ್‌ಪಿಗೆ ದರಪಟ್ಟಿ ಕೂಡ ಕೇಳಲಿಲ್ಲ.

ಮೊದಲ ಬೇಸಿಗೆ, ಎರಡನೆಯ ಬೇಸಿಗೆ

2021ರ ಜನವರಿಯಲ್ಲಿ ಫಲಕಗಳು ದೋಣಿಯಲ್ಲಿ ಬಂದವು. ದಿಬ್ಬದ ಎರಡು ಸಾಮೂಹಿಕ ಬಾವಿಗಳಿಗೆ ಪಂಪು ಕೂರಿಸಿ, ಪೈಪು ಎಳೆದು, ಸ್ಪ್ರಿಂಕ್ಲರ್ ಹಾಕಿದೆವು. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ಏರಿದರೆ ತನ್ನಷ್ಟಕ್ಕೇ ನೀರು ಚಿಮ್ಮುತ್ತಿತ್ತು, ಸಂಜೆ ನಾಲ್ಕರವರೆಗೆ ನಿಲ್ಲುತ್ತಿರಲಿಲ್ಲ. ಆ ವರ್ಷದ ಬೆಂಡೆ, ಸೌತೆ ಹಿಂದೆಂದೂ ಕಾಣದಷ್ಟು. ಬೆಳೆ ನಾಲ್ಕು ಎಕರೆ ದಾಟಿತು. ನಾವು ಫೋಟೊ ತೆಗೆದು ವರದಿ ಕಳಿಸಿದೆವು. ದಾನಿ ಸಂಸ್ಥೆಯವರು ಬಂದು ಎಳನೀರು ಕುಡಿದು ಸಂತೋಷಪಟ್ಟು ಹೋದರು.

ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಅಳಿವೆಯಿಂದ ನುಗ್ಗಿದ ನೀರು ಕುದ್ರುವಿನ ಪಡುವಣ ಅಂಚನ್ನು ತೋಯಿಸಿತು. ಹಂಗಾಮು ಮುಗಿಯುತ್ತಾ ಬಂದಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಎರಡನೆಯ ಬೇಸಿಗೆಯಲ್ಲಿ, 2022ರ ಫೆಬ್ರವರಿ ಕೊನೆಯ ವಾರ, ಮೆಣಸಿನ ಎಲೆಯ ಅಂಚು ಸುಟ್ಟಂತೆ ಕಂದಿತು. ಬೆಂಡೆ ಗಿಡ ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿತು. ಅಲಸಂಡೆ ಮಾತ್ರ ಒಂದಷ್ಟು ತಾಳಿಕೊಂಡಿತು. ಮಾರ್ಚ್ ನಡುವೆ ಒಂದು ದಿನ ನಾನು ಹೋಗಿದ್ದಾಗ ಬಾವಿಮನೆ ಅಕ್ಕ ಜಗಲಿಯಲ್ಲಿ ಕೂರಿಸಿ ಬಟ್ಟಲಲ್ಲಿ ಗಂಜಿ ಕೊಟ್ಟರು. ಉಂಡೆ. ಅವರು ಕೇಳಿದರು, ‘ಉಪ್ಪು ಸರಿ ಉಂಟಾ ಅಣ್ಣ?’ ಸರಿ ಇದೆ ಎಂದೆ. ‘ಗಂಜಿಗೆ ಉಪ್ಪು ಹಾಕುವುದು ಬಿಟ್ಟು ಹದಿನೈದು ದಿನವಾಯಿತು’ ಎಂದರು.

ಅವರಿಗೆ ತರಕಾರಿ ಜಾಗವಿಲ್ಲ. ಇರುವುದು ಹನ್ನೆರಡು ಸೆಂಟ್ಸಿನ ಮನೆಯಡಿ ಮತ್ತು ಆ ಬಾವಿ. ಬಾವಿ ಇದ್ದದ್ದು ನಾವು ಪಂಪು ಕೂರಿಸಿದ ಬಾವಿಯಿಂದ ಅರವತ್ತು ಹೆಜ್ಜೆ ದೂರದಲ್ಲಿ. ಸೌರ ಪಂಪಿನಿಂದ ಒಂದು ಹನಿ ಲಾಭವಿಲ್ಲದ ಮನೆ ಅದು. ನಷ್ಟ ಮೊದಲು ತಟ್ಟಿದ್ದು ಅಲ್ಲಿಗೆ.

ಕಾರಣ ಯಾವುದೆಂಬ ಜಗಳ

ತರಕಾರಿ ಬೆಳೆಯುವವರಲ್ಲಿ ಹೆಚ್ಚಿನವರು ಹೇಳಿದ್ದು, ಇದು ತೌಕ್ತೆಯ ಕಡಲು ಬಿಟ್ಟುಹೋದ ಉಪ್ಪು. ನಮ್ಮ ತಂಡದಲ್ಲಿಯೂ ಇಬ್ಬರು ಕಡಲಮಟ್ಟ ಏರಿಕೆಯ ಮಾತೆತ್ತಿದರು. ಎರಡೂ ನಂಬಲು ಹಿತವಾದ ಕಾರಣಗಳು, ಯಾಕೆಂದರೆ ಎರಡರಲ್ಲೂ ಅಲ್ಲಿ ಕುಳಿತವರ ಕೈವಾಡವಿಲ್ಲ. ಹವಾಮಾನ ಬದಲಾವಣೆಯ ಬಗ್ಗೆ ಕೆಲಸ ಮಾಡುವವರು ಎಚ್ಚರದಿಂದಿರಬೇಕಾದ ಜಾಗ ಇದು. ಆ ಬದಲಾವಣೆ ನಿಜ, ಅದರ ಪೆಟ್ಟು ನಿಜ. ಹಾಗಿರುವುದರಿಂದಲೇ ನಾವು ಮಾಡಿದ ಹಾನಿಯನ್ನೂ ಅದರ ಲೆಕ್ಕಕ್ಕೆ ಬರೆದುಬಿಡುವುದು ಬಹಳ ಸುಲಭ.

ದೊಡ್ಡಣ್ಣನಿಗೆ ತೌಕ್ತೆಯ ವಾದ ಹಿಡಿಸಲಿಲ್ಲ. ಎಪ್ಪತ್ತು ದಾಟಿದ ಅವರು ಸಭೆಯಲ್ಲಿ ಹೆಚ್ಚು ಮಾತಾಡುವವರಲ್ಲ. ಅಂದು ಇಷ್ಟೇ ಕೇಳಿದರು: ಕಡಲು ನುಗ್ಗಿದ ಮೇಲೆ ಒಂದು ಪೂರ್ತಿ ಮಳೆಗಾಲ ಹೋಗಿದೆ, ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಆ ಮರಳಿನ ಮೇಲೆ ಸುರಿದ ನೀರೆಲ್ಲ ಎಲ್ಲಿಗೆ ಹೋಯಿತು? ಉತ್ತರ ಯಾರ ಬಳಿಯೂ ಇರಲಿಲ್ಲ. ಆದರೂ ಸಭೆ ಬಾವಿಯನ್ನು ಆಳ ಮಾಡುವ ತೀರ್ಮಾನಕ್ಕೆ ಬಂತು. ನೀರು ಸಾಲದಿದ್ದರೆ ಆಳಕ್ಕೆ ಹೋಗುವುದು ಗಟ್ಟಿ ನೆಲದ ರೂಢಿ. ನಾನು ಎದುರು ಹೇಳಿದೆ, ಆದರೆ ಗಟ್ಟಿಯಾಗಿ ಹೇಳಲಿಲ್ಲ. ಪಂಪು ತಂದವನೇ ನಾನು, ಈಗ ಬೇಡ ಎನ್ನಲು ಬಾಯಿ ಬರಲಿಲ್ಲ. ಒಂದು ಬಾವಿಯನ್ನು ಇನ್ನೂ ಎಂಟು ಅಡಿ ತೋಡಿ ರಿಂಗ್ ಇಳಿಸಿದರು. ನಾಲ್ಕನೆಯ ದಿನ ಅದರ ನೀರನ್ನು ಬಾಯಿಗಿಟ್ಟವರು ಉಗುಳಿದರು. ಕೆನೆ ದಾಟಿ ಹಾಲಿಗೆ ಸೌಟು ಹಾಕಿದ್ದೆವು.

ಜಗಳವನ್ನು ಮುಗಿಸಿದ್ದು ಒಂದು ನೋಟ್‌ಪುಸ್ತಕ. ಪೇಟೆಯಲ್ಲಿ ಆರ್‌ಒ ಯಂತ್ರ ಮಾರುವವರು ಗಿರಾಕಿಗಳಿಗೆ ನೀರು ಪರೀಕ್ಷಿಸಿ ತೋರಿಸುವ, ಪೆನ್ನಿನಷ್ಟು ಉದ್ದದ, ನೀರಿನಲ್ಲಿ ಕರಗಿದ ಉಪ್ಪಿನಂಥ ಅಂಶ ಅಳೆಯುವ ಟಿಡಿಎಸ್ ಮೀಟರ್ ನೋಡಿರಬಹುದು. ಅಂಥದ್ದೊಂದನ್ನು ತಂದು ಬಾವಿಮನೆ ಅಕ್ಕನ ಮಗಳ ಕೈಗೆ ಕೊಟ್ಟೆವು. ಆಕೆ ಆಗ ಪಿಯುಸಿ ಓದುತ್ತಿದ್ದಳು. ಆರು ಬಾವಿಗಳನ್ನು ಆರಿಸಿಕೊಂಡಳು: ಪಂಪಿನ ಹತ್ತಿರದವು ಮೂರು, ಕುದ್ರುವಿನ ಇನ್ನೊಂದು ತುದಿಯವು ಮೂರು. ಬೆಳಗ್ಗೆ ಆರಕ್ಕೆ ಒಮ್ಮೆ, ಸಂಜೆ ನಾಲ್ಕೂವರೆಗೆ ಒಮ್ಮೆ. ನೈಲಾನ್ ಹಗ್ಗದಲ್ಲಿ ಕೊಡಪಾನ ಇಳಿಸಿ, ಸ್ಟೀಲ್ ಲೋಟವನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ನಾಲ್ಕನೆಯ ಲೋಟದಲ್ಲಿ ಮೀಟರ್ ಅದ್ದಿ, ಅಂಕಿ ಅಲುಗಾಡುವುದು ನಿಂತ ಮೇಲೆ ಬರೆಯುವುದು. ಮೂರು ಸಲ ತೊಳೆಯುವ ಕ್ರಮ ಅವಳದೇ. ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತದ್ದು. ಪುಸ್ತಕವನ್ನು ಭಜನಾ ಮಂದಿರದ ಕಿಟಕಿಗೆ ದಾರದಲ್ಲಿ ಕಟ್ಟಿ ತೂಗುಹಾಕಿದಳು, ಹೋಗಿ ಬರುವವರೆಲ್ಲ ನೋಡಲಿ ಎಂದು.

ಕುಡಿಯುವ ನೀರಿನಲ್ಲಿ ಕರಗಿದ ಅಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದು ಎನ್ನುವುದು ಭಾರತೀಯ ಮಾನಕ. ದೂರದ ಬಾವಿಗಳಲ್ಲಿ ಬೆಳಗ್ಗೆ ಸಂಜೆ ಎರಡೂ ಹೊತ್ತು 400ರ ಅಕ್ಕಪಕ್ಕ ಇತ್ತು. ಪಂಪಿನ ಹತ್ತಿರದ ಬಾವಿಗಳಲ್ಲಿ ಬೆಳಗ್ಗೆ 900, ಸಂಜೆ 2,000 ಮೀರಿ. ಕಡಲಮಟ್ಟವೋ ಚಂಡಮಾರುತವೋ ಕಾರಣವಾಗಿದ್ದರೆ ಬೆಳಗಿಗೂ ಸಂಜೆಗೂ ಇಷ್ಟು ಅಂತರ ಯಾಕೆ? ಅಷ್ಟಾದರೂ ಕೆಲವರು ಒಪ್ಪಲಿಲ್ಲ. ಮೀಟರ್ ಸರಿ ಇಲ್ಲ ಎಂದರು, ಹುಡುಗಿ ತನ್ನ ಮನೆಯ ಪರವಾಗಿ ಬರೆಯುತ್ತಾಳೆ ಎಂದರು. ಆ ಮಾತು ಅವಳಿಗೆ ಬಹಳ ನೋವು ಮಾಡಿತು. ಆದರೂ ಬರೆಯುವುದನ್ನು ಬಿಡಲಿಲ್ಲ.

ಏಪ್ರಿಲ್‌ನಲ್ಲಿ ಕುದ್ರುವಿನಲ್ಲಿ ದೈವದ ನೇಮ ಬಂತು. ಚಪ್ಪರ, ಅಡುಗೆ, ನೆಂಟರು, ಎಲ್ಲರೂ ಅತ್ತ. ಮೂರು ದಿನ ಯಾರೂ ತರಕಾರಿಗೆ ನೀರು ಬಿಡಲಿಲ್ಲ, ಎರಡೂ ಪಂಪು ಬಂದ್. ಅವಳು ಮಾತ್ರ ಹೊಸ ಲಂಗದಲ್ಲೇ ಹೋಗಿ ಕೊಡಪಾನ ಇಳಿಸಿದಳು. ಮೊದಲ ಸಂಜೆ 1,500. ಎರಡನೆಯ ಸಂಜೆ 1,150. ಮೂರನೆಯ ಸಂಜೆ 950. ನಾಲ್ಕನೆಯ ದಿನ ಪಂಪು ಶುರುವಾಯಿತು, ಸಂಜೆಗೆ 1,800. ನೇಮಕ್ಕೆ ಬಂದು ಮಂದಿರದ ಕಟ್ಟೆಯಲ್ಲಿ ಕೂತಿದ್ದವರೆಲ್ಲ ಆ ಪುಟ ನೋಡಿದ್ದರು. ಮುಂದಿನ ಸಭೆಯಲ್ಲಿ ಕಾರಣದ ಬಗ್ಗೆ ಯಾರೂ ವಾದ ಮಾಡಲಿಲ್ಲ. ನಾವು ಯೋಜಿಸಿದ್ದರೂ ಇಷ್ಟು ಚೊಕ್ಕ ಪ್ರಯೋಗ ನಮ್ಮಿಂದ ಆಗುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ನಮಗೂ ಒಂದು ಸಂಗತಿ ಹೊಳೆದಿತ್ತು. ಹಿಂದೆ ಈ ಬಾವಿಗಳನ್ನು ಕಾಯುತ್ತಿದ್ದದ್ದು ಡೀಸೆಲ್ಲಿನ ಬೆಲೆ. ದಿನಕ್ಕೆ ಎರಡು ಗಂಟೆ ಎಂಬ ಮಿತಿಯನ್ನು ಯಾರೂ ನೀರಿನ ಕಾಳಜಿಯಿಂದ ಹಾಕಿಕೊಂಡದ್ದಲ್ಲ. ಆದರೂ ಕೆನೆ ಉಳಿದದ್ದು ಅದರಿಂದಲೇ. ಬಿಸಿಲು ಬಿಟ್ಟಿ ಸಿಕ್ಕಿದೊಡನೆ ಆ ಕಾವಲು ಹೋಯಿತು, ಅದರ ಜಾಗಕ್ಕೆ ಇನ್ನೊಂದು ಕಾವಲನ್ನು ನಾವು ಇಡಲಿಲ್ಲ. ಸೌರ ಪಂಪುಗಳಿಂದ ಅಂತರ್ಜಲ ಬತ್ತೀತೆಂಬ ಆತಂಕವನ್ನು ಬಯಲುಸೀಮೆಯ ಬಗ್ಗೆ ಹಲವರು ಎತ್ತಿದ್ದಾರೆ. ಅಲ್ಲಿ ನೀರು ಕೆಳಗೆ ಹೋಗುತ್ತದೆ. ಕರಾವಳಿಯ ಮರಳಿನಲ್ಲಿ ಬಾವಿ ತುಂಬಿದಂತೆಯೇ ಕಾಣುತ್ತದೆ, ರುಚಿ ಬದಲಾಗುತ್ತದೆ. ಕಣ್ಣಿಗೆ ಬೀಳದ ನಷ್ಟವಾದ್ದರಿಂದ ಅರಿವಾಗುವಾಗ ತಡವಾಗಿರುತ್ತದೆ.

ತಿದ್ದಿಕೊಂಡ ಬಗೆ

ಮೊದಲು ಬಂದ ಸಲಹೆ ಟೈಮರ್. ಎರಡು ಗಂಟೆಗೆ ತಾನಾಗಿ ನಿಲ್ಲುವಂತೆ ಕೂರಿಸಿದೆವು. ಹತ್ತು ದಿನದಲ್ಲಿ ಯಾರೋ ಅದನ್ನು ದಾಟಿಸಿ ವಯರು ಜೋಡಿಸಿದ್ದರು. ಕೋಪ ಬಂತು, ಆದರೆ ಅವರ ಕಡೆಯೂ ನ್ಯಾಯವಿತ್ತು. ನಾಲ್ಕು ಎಕರೆಗೆ ಬೀಜ ಗೊಬ್ಬರ ಹಾಕಿಸಿದವರು ನಾವು. ಒಣಗುವ ಗಿಡದ ಎದುರು ನಿಂತವರಿಗೆ ಯಂತ್ರ ಹೇಳುವ ನಿಯಮ ಒಪ್ಪಿತವಾಗಲಿಲ್ಲ.

2022ರ ಮಳೆಗಾಲದಲ್ಲಿ ಕೂತು ಮಾತಾಡಿ ಮೂರು ಸಂಗತಿಗಳಿಗೆ ಒಪ್ಪಿದೆವು. ದೊಡ್ಡ ಪಂಪುಗಳನ್ನು ಬಿಚ್ಚಿ 1 ಎಚ್‌ಪಿಯವನ್ನು ಹಾಕುವುದು, ನೀರು ಮೊದಲು ತೊಟ್ಟಿಗೆ ಬಂದು ಅಲ್ಲಿಂದ ಗಿಡದ ಬುಡಕ್ಕೆ ಹನಿಯಾಗಿ ಹೋಗುವುದು. ಒಂದೇ ಬಾವಿಯಿಂದ ಎತ್ತುವ ಬದಲು ದಿಬ್ಬದುದ್ದಕ್ಕೆ ಆಳವಿಲ್ಲದ ಗುಂಡಿಗಳಿಂದ ಸರದಿಯಂತೆ ಎತ್ತುವುದು. ಬೈಲಿನ ತೂಬಿಗೆ ಹಲಗೆಯನ್ನು ಮೊದಲಿಗಿಂತ ಬೇಗ ಹಾಕುವುದು.

ಗುಂಡಿಗಳ ಬಗ್ಗೆ ಒಂದು ಮಾತು. ಪಂಪು ಬರುವ ಮೊದಲು ದಿಬ್ಬದ ತರಕಾರಿಗೆ ನೀರು ಬರುತ್ತಿದ್ದದ್ದು ಅಂಥ ಅಗಲ ಗುಂಡಿಗಳಿಂದಲೇ. ಮೆಟ್ಟಿಲು ಇಳಿದು ಎರಡು ಕೊಡ ತುಂಬಿ ಸಾಲಿನುದ್ದಕ್ಕೆ ಎರೆಯುತ್ತಿದ್ದರು. ಕೆನೆಯನ್ನು ಚಮಚದಲ್ಲಿ ತೆಗೆಯುವ ಜಾಣತನ ಅದರಲ್ಲಿತ್ತು ಎನ್ನುವುದು ನಿಜ. ಹಾಗೆಂದು ಹಳೆಯ ಪದ್ಧತಿಗೆ ಮರಳಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ಕೊಡಗಳನ್ನು ಹೊತ್ತವರು ಹೆಂಗಸರು, ಐವತ್ತಕ್ಕೇ ಸೊಂಟ ಹಿಡಿದವರನ್ನು ನಾನು ಅಲ್ಲಿ ನೋಡಿದ್ದೇನೆ. ಗುಂಡಿ ಹಳೆಯದು, ಎತ್ತುವ ಕೆಲಸ ಸಣ್ಣ ಪಂಪಿಗೆ ಎಂದು ತೀರ್ಮಾನವಾದಾಗ ಮೊದಲು ತಲೆಯಾಡಿಸಿದವರು ಅವರೇ.

ಹೆಚ್ಚು ಕಷ್ಟವಾದದ್ದು ತೂಬಿನ ವಿಷಯ. ಬೈಲಿನಿಂದ ಹೊಳೆಗೆ ಹೋಗುವ ತೋಡಿನ ಬಾಯಿಗೆ ಹಲಗೆ ಇಳಿಸಿ ಸಂದಿಗೆ ಜೇಡಿಮಣ್ಣು ಮೆತ್ತಿದರೆ ಸಿಹಿನೀರು ಒಳಗೆ ನಿಲ್ಲುತ್ತದೆ, ಉಬ್ಬರದ ಉಪ್ಪು ಹೊರಗೆ ನಿಲ್ಲುತ್ತದೆ. ಮೊದಲೆಲ್ಲ ಡಿಸೆಂಬರ್ ಕೊನೆಗೆ ಹಾಕುತ್ತಿದ್ದರು. ಅಕ್ಟೋಬರ್‌ನ ಹಿಂಗಾರು ನೀರೂ ಉಳಿಯಬೇಕಾದರೆ ದೀಪಾವಳಿಯ ಆಸುಪಾಸಿಗೇ ಹಾಕಬೇಕು. ಆಗ ಬೈಲಿನ ತಗ್ಗಿನ ಭಾಗ ಜೌಗಾಗಿ ಉಳಿಯುತ್ತದೆ, ಅಲ್ಲಿ ಉದ್ದು ಬಿತ್ತಲಾಗದು. ತಗ್ಗಿನ ಗದ್ದೆಗಳು ಐದು ಮನೆಯವರದು, ಅವರಲ್ಲಿ ಮೂವರಿಗೆ ದಿಬ್ಬದಲ್ಲಿ ತರಕಾರಿ ಇಲ್ಲ. ‘ನಿಮ್ಮ ಬೆಂಡೆಗೆ ನಮ್ಮ ಉದ್ದು ಯಾಕೆ ಹೋಗಬೇಕು?’ ಎಂದು ಅವರು ಕೇಳಿದರು. ಒಂದೂವರೆ ತಿಂಗಳು ಈ ಮಾತು ಅಲ್ಲಿಯೇ ನಿಂತಿತ್ತು.

ದಾರಿ ತೋರಿಸಿದವರು ಬಾವಿಮನೆ ಅಕ್ಕ. ಊರಿನ ಒಳಿತಿಗೆ ಬಿಟ್ಟುಕೊಡಿ ಎಂದು ಕೇಳಬೇಡಿ, ಕಳೆದ ಬೇಸಿಗೆಯಲ್ಲಿ ತಾನೂ ಹಾಗೆಯೇ ಬಿಟ್ಟುಕೊಟ್ಟವಳು, ಯಾರೂ ಕೇಳಿರಲೇ ಇಲ್ಲ ಎಂದರು. ಬರಬೇಕಿದ್ದ ಉದ್ದಿಗೆ ಆ ವರ್ಷದ ಪೇಟೆ ಧಾರಣೆಯಲ್ಲಿ ದುಡ್ಡು ಕೊಡಿ ಎಂದರು. ತರಕಾರಿ ಬೆಳೆಯುವವರು ಎಕರೆ ಲೆಕ್ಕದಲ್ಲಿ ವಂತಿಗೆ ಹಾಕಿ ಐದು ಮನೆಗಳಿಗೆ ಕೊಡಬೇಕು, ಲೆಕ್ಕ ಭಜನಾ ಮಂಡಳಿಯಲ್ಲಿ ಇರಬೇಕು ಎಂದಾಯಿತು. ಮೊದಲ ವರ್ಷ ಇಬ್ಬರು ವಂತಿಗೆ ಕೊಡಲು ಸತಾಯಿಸಿದರು. ಎರಡನೆಯ ವರ್ಷದಿಂದ ಹಲಗೆ ಹಾಕುವ ಮೊದಲೇ ದುಡ್ಡು ಕೈಗೆ ಬರಬೇಕೆಂದು ಐದು ಮನೆಯವರು ಪಟ್ಟು ಹಿಡಿದರು. ಸರಿಯಾದ ಪಟ್ಟು. ಹವಾಮಾನ ಹೊಂದಾಣಿಕೆಯ ಖರ್ಚು ಎಂದರೆ ಸಿಮೆಂಟು, ಪಂಪು, ಪೈಪು ಎಂದು ಬಜೆಟ್ ಬರೆಯುವ ನಮಗೆ ಈ ಉದ್ದಿನ ದುಡ್ಡಿಗೆ ಅಂಕಣವೇ ಇರಲಿಲ್ಲ.

ಆದದ್ದೇನು

2023 ಪರೀಕ್ಷೆಯ ವರ್ಷ. ಆ ಸಲ ಮುಂಗಾರು ಕೇರಳ ತಲುಪಿದ್ದೇ ಜೂನ್ 8ಕ್ಕೆ. ಮಂಗಳೂರು, ಉಡುಪಿ ಎರಡೂ ಕಡೆ ನಗರದ ನೀರಿಗೆ ತತ್ವಾರವಾಯಿತು. ಕುದ್ರುವಿನಲ್ಲಿ ಪಂಪಿನ ಹತ್ತಿರದ ಬಾವಿಗಳು ಮೇ ಎರಡನೆಯ ವಾರದವರೆಗೆ ಸಂಜೆಯೂ 1,000 ದಾಟಲಿಲ್ಲ. ಆಮೇಲೆ ದಾಟಿತು. ಕೊನೆಯ ಮೂರು ವಾರ ಕುಡಿಯುವ ನೀರನ್ನು ದೋಣಿಯಲ್ಲಿ ತರಿಸಬೇಕಾಯಿತು. ಗೆದ್ದೆವು ಎಂದು ಹೇಳುವ ಹಾಗಿಲ್ಲ.

ಬೈಲಿನ ತಳದಲ್ಲಿ ಜೇಡಿ ಇದ್ದುದರಿಂದ ನಿಂತ ನೀರು ನಾವು ಎಣಿಸಿದಷ್ಟು ಇಂಗಲಿಲ್ಲ. ಆದರೆ ತೋಡಿನ ಮೂಲಕ ಉಪ್ಪು ಒಳಬರುವುದು ಒಂದೂವರೆ ತಿಂಗಳು ತಡವಾಯಿತು, ಅದರಿಂದ ತೋಡಿನ ಬದಿಯ ತೆಂಗು, ಬಾವಿ ಎರಡಕ್ಕೂ ಉಸಿರು ಬಂತು. ತರಕಾರಿ ನಾಲ್ಕು ಎಕರೆಯಿಂದ ಮೂರಕ್ಕಿಂತ ಕೆಳಗೆ ಇಳಿಯಿತು, ಅದರಲ್ಲೂ ಮೆಣಸು ಬೆಂಡೆ ಕಡಿಮೆಯಾಗಿ ಅಲಸಂಡೆ, ಹರಿವೆ ಹೆಚ್ಚಾದವು. ಮೊದಲ ಬೇಸಿಗೆಯ ಆದಾಯ ನಂಬಿ ಸಾಲ ಮಾಡಿದ್ದ ಒಂದು ಮನೆಯವರು ಬೆಳೆ ಬಿಟ್ಟು ಮಣಿಪಾಲದಲ್ಲಿ ಕೆಲಸ ಹಿಡಿದರು. ಆ ಸಾಲದ ಹೊಣೆಯಲ್ಲಿ ನಮ್ಮ ತಂಡದ ಪಾಲಿದೆ ಎಂದು ನಾನು ದಾನಿ ಸಂಸ್ಥೆಗೆ ಬರೆದೆ. ಉತ್ತರ ಸೌಜನ್ಯದಿಂದ ಬಂತು, ಹಣ ಬರಲಿಲ್ಲ. ಡೀಸೆಲ್ ಬಳಕೆ ವರ್ಷಕ್ಕೆ 540 ಲೀಟರಿನಿಂದ 60ಕ್ಕೆ ಇಳಿದಿದೆ. ಮೋಡದ ದಿನಗಳಿಗೆಂದು ಒಂದು ಹಳೆಯ ಪಂಪು ಇಟ್ಟುಕೊಂಡಿದ್ದಾರೆ. ಇಂಗಾಲದ ಅಂಕಣದಲ್ಲಿ ಈಗಲೂ ಹೆಚ್ಚುಕಡಿಮೆ ಅದೇ ಸಂಖ್ಯೆ ಬರೆಯಬಹುದು. ಅಂದರೆ 3 ಎಚ್‌ಪಿ ಹಾಕಿದರೂ 1 ಎಚ್‌ಪಿ ಹಾಕಿದರೂ ಆ ಅಂಕಣಕ್ಕೆ ವ್ಯತ್ಯಾಸವೇ ಇರಲಿಲ್ಲ. ಬಾವಿಗೆ ಇತ್ತು.

ಇಂಥ ಕೆಲಸಕ್ಕೆ ಹೊರಡುವವರು ನನ್ನನ್ನು ಕೇಳಿದರೆ ಹೇಳುವುದು ಇಷ್ಟು: ಪಂಪಿನ ದರಪಟ್ಟಿ ತರಿಸುವ ಮೊದಲು ಒಂದು ಪೂರ್ತಿ ಬೇಸಿಗೆ ಬಾವಿಗಳನ್ನು ಅಳೆಯಿರಿ, ಯಂತ್ರದಿಂದ ಲಾಭವಿಲ್ಲದ ಮನೆಯ ಬಾವಿಯನ್ನೂ ಸೇರಿಸಿ. ಮೀಟರಿಗೆ ಸಾವಿರ ರೂಪಾಯಿಯೂ ಆಗುವುದಿಲ್ಲ. ಇದಕ್ಕೆ ಹಣ ಕೊಡುವವರು ಸಿಗುವುದು ಕಷ್ಟ ಎಂದೂ ಬಲ್ಲೆ. ಜಗತ್ತಿನ ಹವಾಮಾನ ಹಣದಲ್ಲಿ ಕಡಿತಕ್ಕೆ ಸಿಗುವ ಪಾಲಿನ ಮುಂದೆ ಹೊಂದಾಣಿಕೆಯ ಪಾಲು ಚಿಕ್ಕದು. ಎರಡರ ನಡುವೆ ಸಮತೋಲ ಬೇಕೆಂದು 2015ರ ಪ್ಯಾರಿಸ್ ಒಪ್ಪಂದದಲ್ಲೇ ಬರೆದಿದೆ, ಹೊಂದಾಣಿಕೆಯ ನೆರವನ್ನು 2025ರೊಳಗೆ ದುಪ್ಪಟ್ಟು ಮಾಡಿ ಎಂದು 2021ರ ಗ್ಲಾಸ್ಗೋ ಸಮ್ಮೇಳನ ಶ್ರೀಮಂತ ದೇಶಗಳನ್ನು ಕೇಳಿತ್ತು. ಆ ಅಸಮತೋಲ ದೊಡ್ಡ ಸಭೆಗಳಲ್ಲಿ ಮಾತ್ರ ಇರುವುದಲ್ಲ. ಉಡುಪಿಯ ಒಂದು ಬಾಡಿಗೆ ಕೋಣೆಯಲ್ಲಿ ಅರ್ಜಿ ತುಂಬುವವನ ಕೈಯನ್ನೂ ಅದು ಎಳೆಯುತ್ತದೆ.

ಬಾವಿಮನೆ ಅಕ್ಕನ ಬಾವಿ ಎರಡು ಮಳೆಗಾಲ ಕಳೆದ ಮೇಲೆ ಬೆಳಗಿನ ಹೊತ್ತು 450ಕ್ಕೆ ಬಂದು ನಿಂತಿದೆ. ಮಗಳು ಪದವಿಗೆಂದು ಮಂಗಳೂರಿಗೆ ಹೋದಳು. ಪುಸ್ತಕ ಈಗ ಅಕ್ಕನ ಕೈಯಲ್ಲಿದೆ, ಮೂರು ಸಲ ತೊಳೆಯುವ ಕ್ರಮವನ್ನು ಅವರೂ ತಪ್ಪಿಸುವುದಿಲ್ಲ. ಆಳ ಮಾಡಿದ ಬಾವಿಯನ್ನು ಹೊಳೆಯ ಮರಳು ತುಂಬಿ ಹಳೆಯ ಮಟ್ಟಕ್ಕೆ ತಂದಿದ್ದಾರೆ. ಅದರ ನೀರನ್ನು ಯಾರೂ ಬಳಸುವುದಿಲ್ಲ, ಆದರೆ ಏಳನೆಯ ಬಾವಿಯೆಂದು ಪುಸ್ತಕದಲ್ಲಿ ಅದರ ಅಂಕಿಯೂ ಬರುತ್ತದೆ. ತುಂಬಿಸಿದ ವರ್ಷ ಮೇ ತಿಂಗಳಲ್ಲಿ 4,600 ಇತ್ತು. ಮರುವರ್ಷ 3,900. ನಾನು ಕಳೆದ ಸಲ ಹೋದಾಗ ಅಕ್ಕ ಪುಟ ತಿರುವಿ ತೋರಿಸಿದರು, 3,300.